ವೆಬ್‌ಮೇಲ್ ಖಾತೆಯನ್ನು ಕಚೇರಿಯ ಗಣಕಯಂತ್ರದ ಮೇಲ್ ತಂತ್ರಾಂಶದಲ್ಲಿ ತೆರೆಯುವ ಕ್ರಮ: ಗ್ರಾಮ ಪಂಚಾಯಿತಿ ಸದಸ್ಯರಿಗೊಂದು ಅಭ್ಯಾಸ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿಗೆ ಬರುವ ಟಪಾಲಿನ ಗಣನೀಯ ಭಾಗವು ಇಂದು ಅಂಚೆಯಣ್ಣನ ಚೀಲದಲ್ಲಿ ಬರುವುದಿಲ್ಲ. ಇ-ಮೇಲ್ ಮೂಲಕ ಬರುತ್ತದೆ. ತಾಲ್ಲೂಕು ಪಂಚಾಯಿತಿಯ ಸೂಚನಾ ಪತ್ರ, ಲೆಕ್ಕಪರಿಶೋಧನೆಯ ಆಕ್ಷೇಪಣೆ, ಗುತ್ತಿಗೆದಾರರ ಮನವಿ, ಮಾಹಿತಿ ಹಕ್ಕಿನ ಅರ್ಜಿ, ಇವೆಲ್ಲವೂ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ. ಆ ಪೆಟ್ಟಿಗೆಯನ್ನು ಯಾರು ತೆರೆಯುತ್ತಾರೆ, ಎಲ್ಲಿ ತೆರೆಯುತ್ತಾರೆ, ತೆರೆದ ಪತ್ರ ಎಲ್ಲಿ ಉಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವು ಪ್ರತಿಯೊಬ್ಬ ಸದಸ್ಯರಿಗೂ ತಿಳಿದಿರಬೇಕು. ವೆಬ್‌ಮೇಲ್ ಖಾತೆಯನ್ನು ಕಚೇರಿಯ ಗಣಕಯಂತ್ರದಲ್ಲಿರುವ ಮೇಲ್ ತಂತ್ರಾಂಶಕ್ಕೆ ಜೋಡಿಸುವ ವಿಧಾನ, ಅದರಿಂದಾಗುವ ಅನುಕೂಲ ಹಾಗೂ ವಹಿಸಬೇಕಾದ ಎಚ್ಚರಿಕೆಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಜೋಡಣೆಯ ಕೆಲಸವನ್ನು ಸಿಬ್ಬಂದಿ ಮಾಡುತ್ತಾರೆ. ಅದು ಸರಿಯಾಗಿ ಆಗಿದೆಯೇ ಎಂದು ಸಭೆಯಲ್ಲಿ ಕೇಳಿ ತಿಳಿಯುವ ಹೊಣೆ ಸದಸ್ಯರದು.

1. ಒಂದು ಉದಾಹರಣೆ

ಸಿರುಗುಪ್ಪ ತಾಲ್ಲೂಕಿನ ನದಿ ದಂಡೆಯ ಒಂದು ಗ್ರಾಮ ಪಂಚಾಯಿತಿ ಎಂದು ಭಾವಿಸಿಕೊಳ್ಳಬಹುದು. ಪಂಚಾಯಿತಿಯ ಇ-ಮೇಲ್ ಖಾತೆಯನ್ನು ಕೆಲವು ವರ್ಷಗಳ ಹಿಂದೆ ಡಾಟಾ ಎಂಟ್ರಿ ಆಪರೇಟರ್ ಒಬ್ಬರು ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನು ಕೊಟ್ಟು ತೆರೆದಿದ್ದರು. ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ಗುಪ್ತಪದವನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಲಾಗಿತ್ತು. ಬಂದ ಪತ್ರಗಳನ್ನೆಲ್ಲ ಮೇಲ್ ತಂತ್ರಾಂಶವು ಆ ಒಂದೇ ಯಂತ್ರಕ್ಕೆ ಇಳಿಸಿಕೊಂಡು, ಸರ್ವರ್‌ನಿಂದ ಅಳಿಸಿಹಾಕುತ್ತಿತ್ತು. ಒಂದು ದಿನ ಯಂತ್ರ ಕೆಟ್ಟಿತು. ಸಿಪಿಯು ಪೆಟ್ಟಿಗೆಯನ್ನು ಬಸ್ಸಿನಲ್ಲಿ ಬಳ್ಳಾರಿಗೆ ಒಯ್ದು, ಸತ್ಯನಾರಾಯಣಪೇಟೆಯ ಒಂದು ದುರಸ್ತಿ ಅಂಗಡಿಗೆ ಕೊಡಲಾಯಿತು. ಹಾರ್ಡ್ ಡಿಸ್ಕ್ ಹಾಳಾಗಿದೆ, ಹೊಸದು ಹಾಕಬೇಕು ಎಂಬ ಉತ್ತರ ಬಂತು. ಹಳೆಯ ಡಿಸ್ಕ್ ಅಂಗಡಿಯಲ್ಲಿಯೇ ಉಳಿಯಿತು.

ಹೊಸ ಡಿಸ್ಕಿನೊಂದಿಗೆ ಯಂತ್ರ ಮರಳಿ ಬಂದಾಗ ಅದರಲ್ಲಿ ಒಂದೂ ಪತ್ರ ಇರಲಿಲ್ಲ. ಕೆಲವೇ ದಿನಗಳಲ್ಲಿ ಒಬ್ಬ ವೃದ್ಧ ಮಹಿಳೆ ತಮ್ಮ ಮನೆಯ ಖಾತೆ ಬದಲಾವಣೆಗೆ ಸಂಬಂಧಿಸಿದ ಮಾಹಿತಿಯನ್ನು ಕೋರಿ, ಮಗನ ಸಹಾಯದಿಂದ ಇ-ಮೇಲ್ ಮೂಲಕ ಸಲ್ಲಿಸಿದ್ದ ಅರ್ಜಿ ಏನಾಯಿತೆಂದು ಕೇಳಿಕೊಂಡು ಕಚೇರಿಗೆ ಬಂದರು. ಅರ್ಜಿ ಬಂದಿತ್ತೋ ಇಲ್ಲವೋ ಎಂದು ಹೇಳಬಲ್ಲವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ಆವಕ ವಹಿಯಲ್ಲಿ ನಮೂದು ಇರಲಿಲ್ಲ. ಸರ್ವರ್‌ನಲ್ಲಿ ಪ್ರತಿ ಇರಲಿಲ್ಲ. ಗುಪ್ತಪದ ಬದಲಿಸೋಣವೆಂದರೆ ಪರಿಶೀಲನಾ ಸಂಖ್ಯೆಯು ಕೆಲಸ ಬಿಟ್ಟುಹೋದ ಆಪರೇಟರ್ ಅವರ ಮೊಬೈಲಿಗೆ ಹೋಗುತ್ತಿತ್ತು.

ಈ ಉದಾಹರಣೆಯಲ್ಲಿ ಯಾರೂ ದುರುದ್ದೇಶದಿಂದ ನಡೆದುಕೊಂಡಿಲ್ಲ. ಆದರೂ ನಾಲ್ಕು ತಪ್ಪುಗಳು ಸೇರಿಕೊಂಡಿವೆ: ಖಾತೆ ವ್ಯಕ್ತಿಯ ಹೆಸರಿಗೆ ಅಂಟಿಕೊಂಡಿದೆ, ಪತ್ರಗಳು ಒಂದೇ ಯಂತ್ರದಲ್ಲಿವೆ, ಡಿಸ್ಕ್ ಕಚೇರಿಯಿಂದ ಹೊರಗೆ ಹೋಗಿದೆ, ಆವಕ ವಹಿಯಲ್ಲಿ ದಾಖಲೆ ಇಲ್ಲ. ಮುಂದಿನ ಭಾಗಗಳು ಈ ನಾಲ್ಕನ್ನೂ ಒಂದೊಂದಾಗಿ ಸರಿಪಡಿಸುವ ಕ್ರಮವನ್ನು ತಿಳಿಸುತ್ತವೆ.

2. ಕಾನೂನಿನ ದೃಷ್ಟಿಯಲ್ಲಿ ಇ-ಮೇಲ್

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 4 ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆಯನ್ನು ನೀಡುತ್ತದೆ. ಅದೇ ಅಧಿನಿಯಮದ ಕಲಂ 13 ಇನ್ನೂ ಮುಖ್ಯವಾದ ಒಂದು ವಿಷಯವನ್ನು ಹೇಳುತ್ತದೆ: ಸ್ವೀಕರಿಸುವವರು ವಿದ್ಯುನ್ಮಾನ ದಾಖಲೆಗಳನ್ನು ಪಡೆಯಲೆಂದು ಒಂದು ಗಣಕ ಸಂಪನ್ಮೂಲವನ್ನು ಗೊತ್ತುಪಡಿಸಿದ್ದರೆ, ದಾಖಲೆಯು ಅದನ್ನು ಪ್ರವೇಶಿಸಿದ ಸಮಯವೇ ಸ್ವೀಕೃತಿಯ ಸಮಯವಾಗುತ್ತದೆ, ಬೇರೆ ಒಪ್ಪಂದವಿದ್ದರೆ ಮಾತ್ರ ಅದು ಬದಲಾಗುತ್ತದೆ. ಅಂದರೆ, ಪಂಚಾಯಿತಿಯು ತನ್ನ ಅಧಿಕೃತ ಇ-ಮೇಲ್ ವಿಳಾಸವೆಂದು ಫಲಕದಲ್ಲಿ ಬರೆಸಿದ ಮೇಲೆ, "ಪತ್ರವನ್ನು ನಾವು ತೆರೆದೇ ನೋಡಿಲ್ಲ" ಎಂಬುದು ಸಮಾಧಾನವಾಗಲಾರದು.

ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 6(1) ಅರ್ಜಿಯನ್ನು ಲಿಖಿತವಾಗಿ ಅಥವಾ ವಿದ್ಯುನ್ಮಾನ ಮಾಧ್ಯಮದ ಮೂಲಕ, ನಿಗದಿತ ಶುಲ್ಕದೊಂದಿಗೆ ಸಲ್ಲಿಸಲು ಅವಕಾಶ ನೀಡುತ್ತದೆ. ಸಾಮಾನ್ಯ ಸಂದರ್ಭದಲ್ಲಿ 30 ದಿನಗಳೊಳಗೆ ಉತ್ತರ ನೀಡಬೇಕು. ಸಕಾರಣವಿಲ್ಲದೆ ವಿಳಂಬವಾದರೆ ಕಲಂ 20ರಂತೆ ಮಾಹಿತಿ ಆಯೋಗವು ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿವರೆಗೆ ದಂಡ ವಿಧಿಸಬಹುದು. 20 ದಿನ ತಡವಾದರೆ 5,000 ರೂಪಾಯಿ. 100 ದಿನ ತಡವಾದರೆ ಗರಿಷ್ಠ ಮಿತಿ. ದಂಡವನ್ನು ತೆರುವವರು ಅಧಿಕಾರಿ. ಆದರೆ ಮಾಹಿತಿ ಸಿಗದೆ ಅಲೆಯುವವರು ಸದಸ್ಯರಿಗೆ ಮತ ನೀಡಿದ ಗ್ರಾಮಸ್ಥರು.

3. ವೆಬ್‌ಮೇಲ್ ಮತ್ತು ಮೇಲ್ ತಂತ್ರಾಂಶ: ವ್ಯತ್ಯಾಸವೇನು?

ಬ್ರೌಸರ್ ತೆರೆದು, ಜಿಮೇಲ್ ಅಥವಾ ಸರ್ಕಾರಿ ಮೇಲ್ ತಾಣಕ್ಕೆ ಹೋಗಿ, ಹೆಸರು ಮತ್ತು ಗುಪ್ತಪದ ನೀಡಿ ಪತ್ರ ಓದುವುದು ವೆಬ್‌ಮೇಲ್ ವಿಧಾನ. ಇದು ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತು ಪತ್ರ ಓದಿ, ಅಲ್ಲಿಯೇ ಬಿಟ್ಟು ಬರುವುದಕ್ಕೆ ಸಮ. ಪತ್ರ ಅಲ್ಲಿ ಸುರಕ್ಷಿತ. ಆದರೆ ದಾರಿ ಮುಚ್ಚಿದ ದಿನ, ಅಂದರೆ ಇಂಟರ್‌ನೆಟ್ ಇಲ್ಲದ ದಿನ, ಓದಲು ಸಾಧ್ಯವಿಲ್ಲ.

ಮೇಲ್ ತಂತ್ರಾಂಶವು ಕಚೇರಿಯ ಗಣಕಯಂತ್ರದಲ್ಲಿಯೇ ಸ್ಥಾಪಿತವಾಗಿರುತ್ತದೆ. ಅದು ಸರ್ವರ್ ಅನ್ನು ಆಗಾಗ ಸಂಪರ್ಕಿಸಿ, ಪತ್ರಗಳ ಪ್ರತಿಯನ್ನು ಯಂತ್ರಕ್ಕೆ ತಂದುಕೊಂಡು, ಕಡತಗಳಂತೆ ಜೋಡಿಸಿಡುತ್ತದೆ. ಮೊಜಿಲ್ಲಾ ಸಂಸ್ಥೆಯ ಮೂಲದ ಥಂಡರ್‌ಬರ್ಡ್ ಇಂತಹ ಒಂದು ಉಚಿತ, ಮುಕ್ತ ತಂತ್ರಾಂಶ, ಅದರ 1.0 ಆವೃತ್ತಿ 2004ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ಅದು ನಡೆಯುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯ ಔಟ್‌ಲುಕ್ ಕೂಡ ಇದೇ ಜಾತಿಯದು. ವಿಂಡೋಸ್ ಜೊತೆಗೆ ಬರುತ್ತಿದ್ದ 'ಮೇಲ್' ಎಂಬ ಸಣ್ಣ ತಂತ್ರಾಂಶಕ್ಕೆ ನೀಡುತ್ತಿದ್ದ ಬೆಂಬಲವು 2024ರ ಡಿಸೆಂಬರ್ 31ಕ್ಕೆ ಕೊನೆಗೊಂಡಿದೆ. ಅದನ್ನೇ ನಂಬಿಕೊಂಡಿರುವ ಕಚೇರಿಗಳು ಬದಲಾಗಬೇಕು.

ಮೇಲ್ ತಂತ್ರಾಂಶದಿಂದ ಪಂಚಾಯಿತಿಗೆ ಆಗುವ ಅನುಕೂಲಗಳು ಇವು:

ಅ) ಕೇಬಲ್ ಕಡಿದು ಸಂಪರ್ಕ ನಿಂತ ದಿನವೂ ಹಳೆಯ ಪತ್ರಗಳನ್ನು ಓದಬಹುದು. ಉತ್ತರ ಬರೆದು 'ಔಟ್‌ಬಾಕ್ಸ್'ನಲ್ಲಿ ಇರಿಸಿದರೆ, ಸಂಪರ್ಕ ಬಂದ ಮೇಲೆ ಅದನ್ನು ಕಳುಹಿಸಬಹುದು.

ಆ) ಒಂದಕ್ಕಿಂತ ಹೆಚ್ಚು ಖಾತೆಗಳನ್ನು, ಉದಾಹರಣೆಗೆ ಸರ್ಕಾರಿ ಖಾತೆ ಹಾಗೂ ಹಳೆಯ ಜಿಮೇಲ್ ಖಾತೆಯನ್ನು, ಒಂದೇ ಪರದೆಯಲ್ಲಿ ನೋಡಬಹುದು.

ಇ) ಎರಡು ವರ್ಷದ ಹಿಂದಿನ ಪತ್ರವನ್ನು ಕಳುಹಿಸಿದವರ ಹೆಸರು, ವಿಷಯ ಅಥವಾ ದಿನಾಂಕದಿಂದ ಹುಡುಕಬಹುದು. ಲೆಕ್ಕಪರಿಶೋಧಕರ ಮುಂದೆ ಇದರ ಬೆಲೆ ತಿಳಿಯುತ್ತದೆ.

ಈ) ಪತ್ರಗಳ ಪೂರ್ಣ ಪ್ರತಿಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ ತಿಜೋರಿಯಲ್ಲಿ ಇಡಬಹುದು.

4. ಪಾಪ್, ಐಮ್ಯಾಪ್, ಎಸ್‌ಎಂಟಿಪಿ

ತಂತ್ರಾಂಶ ಮತ್ತು ಸರ್ವರ್ ಪರಸ್ಪರ ಮಾತನಾಡಲು ಕೆಲವು ಒಪ್ಪಿತ ನಿಯಮಾವಳಿಗಳಿವೆ. ಸದಸ್ಯರು ಮೂರು ಹೆಸರುಗಳನ್ನು ನೆನಪಿಟ್ಟರೆ ಸಾಕು.

ಎಸ್‌ಎಂಟಿಪಿ: ಪತ್ರವನ್ನು ಹೊರಗೆ ಕಳುಹಿಸುವ ನಿಯಮಾವಳಿ. ಇದು 1982ರಷ್ಟು ಹಳೆಯದು. ಕಚೇರಿಯ ಜಾವಕ ವಿಭಾಗವೆಂದು ತಿಳಿಯಬಹುದು.

ಪಾಪ್: ಪತ್ರವನ್ನು ಸರ್ವರ್‌ನಿಂದ ಯಂತ್ರಕ್ಕೆ ಇಳಿಸಿಕೊಳ್ಳುವ ನಿಯಮಾವಳಿ. ಇಂಟರ್‌ನೆಟ್ ದುಬಾರಿಯಾಗಿದ್ದ, ಸರ್ವರ್‌ನಲ್ಲಿ ಜಾಗ ಕಡಿಮೆಯಿದ್ದ ಕಾಲಕ್ಕೆ ಇದು ಹೊಂದುತ್ತಿತ್ತು. ಪತ್ರ ಇಳಿದ ಮೇಲೆ ಸರ್ವರ್‌ನಲ್ಲಿರುವ ಮೂಲವನ್ನು ಅಳಿಸುವ ಆಯ್ಕೆಯೂ ಇದರಲ್ಲಿದೆ. ಮೇಲಿನ ಉದಾಹರಣೆಯ ಪಂಚಾಯಿತಿಯಲ್ಲಿ ಆದದ್ದು ಇದೇ.

ಐಮ್ಯಾಪ್: 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬುವರು ರೂಪಿಸಿದ ನಿಯಮಾವಳಿ. ಇದರಲ್ಲಿ ಮೂಲ ಪತ್ರ ಸರ್ವರ್‌ನಲ್ಲಿಯೇ ಇರುತ್ತದೆ. ಯಂತ್ರದಲ್ಲಿ ಅದರ ಪ್ರತಿ ಇರುತ್ತದೆ. ಕಚೇರಿಯ ಯಂತ್ರದಲ್ಲಿ ಪತ್ರವನ್ನು ಓದಿದರೆ, ಬ್ರೌಸರ್‌ನಲ್ಲಿಯೂ ಅದು 'ಓದಿದ' ಪತ್ರವಾಗಿ ಕಾಣುತ್ತದೆ. ಯಂತ್ರ ಕೆಟ್ಟರೂ ಮೂಲಕ್ಕೆ ಧಕ್ಕೆಯಿಲ್ಲ. ಹೊಸ ಯಂತ್ರಕ್ಕೆ ಖಾತೆ ಜೋಡಿಸಿದರೆ ಎಲ್ಲವೂ ಮರಳಿ ಬರುತ್ತವೆ.

ಆದ್ದರಿಂದ ಗ್ರಾಮ ಪಂಚಾಯಿತಿ ಕಚೇರಿಗೆ ಐಮ್ಯಾಪ್ ವಿಧಾನವೇ ಸೂಕ್ತ. ಆದರೆ ಒಂದು ಎಚ್ಚರಿಕೆ ಇದೆ. ಐಮ್ಯಾಪ್ ಕನ್ನಡಿಯಂತೆ ವರ್ತಿಸುತ್ತದೆ. ಯಂತ್ರದಲ್ಲಿ ಪತ್ರವನ್ನು ಅಳಿಸಿದರೆ ಸರ್ವರ್‌ನಲ್ಲಿಯೂ ಅದು ಅಳಿಯುತ್ತದೆ. ಜಿಮೇಲ್‌ನಲ್ಲಿ ಅಳಿಸಿದ ಪತ್ರ 30 ದಿನ 'ಟ್ರ್ಯಾಶ್' ಎಂಬ ಕಸದ ಬುಟ್ಟಿಯಲ್ಲಿದ್ದು, ಆನಂತರ ಶಾಶ್ವತವಾಗಿ ಹೋಗುತ್ತದೆ. ಆದುದರಿಂದ ಐಮ್ಯಾಪ್ ಇದ್ದ ಮಾತ್ರಕ್ಕೆ ಪ್ರತ್ಯೇಕ ನಕಲು ಬೇಡ ಎಂದು ತಿಳಿಯಬಾರದು.

5. ಜೋಡಣೆಗೆ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಮೊದಲನೆಯದು, ಖಾತೆ ಯಾವುದು ಎಂಬ ನಿರ್ಧಾರ. ಪಂಚಾಯಿತಿಗೆ ಸರ್ಕಾರಿ ಇ-ಮೇಲ್ ವಿಳಾಸ ನೀಡಲಾಗಿದ್ದರೆ ಅಧಿಕೃತ ವ್ಯವಹಾರಕ್ಕೆ ಅದನ್ನೇ ಬಳಸುವುದು ಯುಕ್ತ. ಸರ್ಕಾರಿ ಖಾತೆಗಳಲ್ಲಿ ಐಮ್ಯಾಪ್ ಸೌಲಭ್ಯವನ್ನು ಅನುಮತಿ ಪಡೆದ ನಂತರವೇ ತೆರೆಯಬೇಕಾಗಬಹುದು. ಅದರ ಸರ್ವರ್ ವಿಳಾಸ ಹಾಗೂ ದೃಢೀಕರಣದ ಕ್ರಮವನ್ನು ಜಿಲ್ಲೆಯ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಕಚೇರಿಯಿಂದ ಅಥವಾ ಖಾತೆ ನೀಡಿದ ಇಲಾಖೆಯಿಂದಲೇ ಪಡೆಯತಕ್ಕದ್ದು. ಅಂತರ್ಜಾಲದಲ್ಲಿ ಸಿಕ್ಕ ವಿಳಾಸವನ್ನು ಸರ್ಕಾರಿ ಖಾತೆಗೆ ಬಳಸಕೂಡದು.

ಎರಡನೆಯದು, ಚೇತರಿಕೆಯ ಮೊಬೈಲ್ ಸಂಖ್ಯೆ. ಅದು ಸಿಬ್ಬಂದಿಯ ಸ್ವಂತ ಸಂಖ್ಯೆಯಾಗಿರದೆ ಕಚೇರಿಯ ಸಂಖ್ಯೆಯಾಗಿರಬೇಕು. ಸಂಖ್ಯೆ ಬದಲಾಗಬೇಕಿದ್ದರೆ, ಹಳೆಯ ಸಂಖ್ಯೆ ಚಾಲ್ತಿಯಲ್ಲಿರುವಾಗಲೇ ಬದಲಾಯಿಸಬೇಕು.

ಮೂರನೆಯದು, ಎರಡು ಹಂತದ ದೃಢೀಕರಣ. ಗುಪ್ತಪದದ ಜೊತೆಗೆ ಮೊಬೈಲಿನಿಂದ ಎರಡನೆಯ ಪರಿಶೀಲನೆ ನಡೆಯುವ ವ್ಯವಸ್ಥೆಯಿದು. ಗೂಗಲ್ ಖಾತೆಯಲ್ಲಿ ಇದನ್ನು ಚಾಲನೆಗೊಳಿಸಿದಾಗ, ತುರ್ತು ಬಳಕೆಗೆಂದು ತಲಾ ಎಂಟು ಅಂಕಿಗಳ ಹತ್ತು ಸಂಕೇತಗಳನ್ನು ಪಡೆಯಬಹುದು. ಒಂದೊಂದು ಸಂಕೇತವನ್ನು ಒಂದೇ ಸಲ ಬಳಸಬಹುದು. ಇವುಗಳನ್ನು ಮುದ್ರಿಸಿ, ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿ ಇರಿಸುವುದು.

ನಾಲ್ಕನೆಯದು, ಗಣಕಯಂತ್ರದ ಸ್ಥಿತಿ. ವಿಂಡೋಸ್ 7ಕ್ಕೆ ಭದ್ರತಾ ಬೆಂಬಲ 2020ರ ಜನವರಿ 14ಕ್ಕೆ ನಿಂತಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪಂಚಾಯಿತಿಯ ದಾಖಲೆಗಳಿರುವ ಯಂತ್ರವನ್ನು ಬೆಂಬಲವಿರುವ ಆವೃತ್ತಿಗೆ ಅಥವಾ ಲಿನಕ್ಸ್‌ಗೆ ಬದಲಾಯಿಸುವ ವಿಷಯವನ್ನು ಸಭೆಯ ಮುಂದೆ ತರುವುದು ಒಳ್ಳೆಯದು.

6. ಥಂಡರ್‌ಬರ್ಡ್‌ನಲ್ಲಿ ಜೋಡಣೆಯ ಹಂತಗಳು

ಹಂತ 1: ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಸ್ಥಾಪಿಸುವುದು. ಪೆನ್‌ಡ್ರೈವ್‌ನಲ್ಲಿ ಯಾರೋ ತಂದ ಪ್ರತಿ ಬೇಡ.

ಹಂತ 2: ತಂತ್ರಾಂಶ ತೆರೆದು, ಹೊಸ ಮೇಲ್ ಖಾತೆ ಸೇರಿಸುವ ಆಯ್ಕೆಗೆ ಹೋಗುವುದು. ಹೆಸರಿನ ಜಾಗದಲ್ಲಿ ಸಿಬ್ಬಂದಿಯ ಹೆಸರಿನ ಬದಲು ಗ್ರಾಮ ಪಂಚಾಯಿತಿಯ ಪೂರ್ಣ ಹೆಸರು, ತಾಲ್ಲೂಕು ಮತ್ತು ಜಿಲ್ಲೆಯನ್ನು ನಮೂದಿಸುವುದು. ಪತ್ರ ಪಡೆದವರಿಗೆ ಕಾಣುವುದು ಈ ಹೆಸರೇ.

ಹಂತ 3: ಇ-ಮೇಲ್ ವಿಳಾಸ ನೀಡಿ ಮುಂದುವರಿದರೆ, ಪ್ರಸಿದ್ಧ ಸೇವೆಗಳ ಸರ್ವರ್ ವಿವರಗಳನ್ನು ತಂತ್ರಾಂಶವೇ ಹುಡುಕಿಕೊಳ್ಳುತ್ತದೆ. ಐಮ್ಯಾಪ್ ಮತ್ತು ಪಾಪ್ ಎಂಬ ಎರಡು ಆಯ್ಕೆ ಕಂಡರೆ ಐಮ್ಯಾಪ್ ಆರಿಸುವುದು.

ಹಂತ 4: ವಿವರಗಳನ್ನು ಕೈಯಿಂದ ತುಂಬಬೇಕಾಗಿ ಬಂದರೆ, ಜಿಮೇಲ್ ಖಾತೆಗೆ ಒಳಬರುವ ಸರ್ವರ್ 'ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್', ಪೋರ್ಟ್ ಸಂಖ್ಯೆ 993, ಹೊರಹೋಗುವ ಸರ್ವರ್ 'ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್', ಪೋರ್ಟ್ ಸಂಖ್ಯೆ 465 ಅಥವಾ 587. ಇವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡುವುದು. 993 ಮತ್ತು 465ಕ್ಕೆ ಎಸ್‌ಎಸ್‌ಎಲ್ ಅಥವಾ ಟಿಎಲ್‌ಎಸ್, 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಭದ್ರತಾ ಆಯ್ಕೆಯನ್ನು ಆರಿಸುವುದು. 'ಭದ್ರತೆ ಬೇಡ' ಎಂಬ ಆಯ್ಕೆಯನ್ನು ಯಾವ ಕಾರಣಕ್ಕೂ ಬಳಸಬಾರದು. ಹಾಗೆ ಮಾಡಿದರೆ ಗುಪ್ತಪದವು ತೆರೆದ ಅಂಚೆ ಕಾರ್ಡಿನಲ್ಲಿ ಬರೆದಂತೆ ದಾರಿಯಲ್ಲಿ ಹೋಗುತ್ತದೆ.

ಹಂತ 5: ಜಿಮೇಲ್ ಆದಲ್ಲಿ ಗೂಗಲ್‌ನ ಲಾಗಿನ್ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ಗುಪ್ತಪದ ಮತ್ತು ಎರಡನೆಯ ಹಂತದ ಪರಿಶೀಲನೆ ಪೂರ್ಣಗೊಳಿಸಿ, ಥಂಡರ್‌ಬರ್ಡ್‌ಗೆ ಅನುಮತಿ ನೀಡುವುದು. ಈ ವಿಧಾನದಲ್ಲಿ ಗುಪ್ತಪದದ ಬದಲು ಒಂದು ಅನುಮತಿ ಚೀಟಿ ಮಾತ್ರ ತಂತ್ರಾಂಶದಲ್ಲಿ ಉಳಿಯುತ್ತದೆ. ಬೇಡವೆನಿಸಿದಾಗ ಗೂಗಲ್ ಖಾತೆಯೊಳಗಿನಿಂದ ಆ ಅನುಮತಿಯನ್ನು ಹಿಂಪಡೆಯಬಹುದು.

ಹಂತ 6: 'ಅಕೌಂಟ್ ಸೆಟ್ಟಿಂಗ್ಸ್' ಒಳಗೆ 'ಸಿಂಕ್ರೊನೈಸೇಶನ್ ಅಂಡ್ ಸ್ಟೋರೇಜ್' ಭಾಗಕ್ಕೆ ಹೋಗಿ, ಪತ್ರಗಳನ್ನು ಈ ಯಂತ್ರದಲ್ಲಿಯೂ ಇಟ್ಟುಕೊಳ್ಳುವ ಆಯ್ಕೆ ಗುರುತಾಗಿದೆಯೇ ಎಂದು ನೋಡುವುದು. ಇದು ಇಲ್ಲದಿದ್ದರೆ ಸಂಪರ್ಕವಿಲ್ಲದ ದಿನ ಶೀರ್ಷಿಕೆ ಮಾತ್ರ ಕಾಣುತ್ತದೆ, ಪತ್ರ ತೆರೆಯುವುದಿಲ್ಲ.

ಹಂತ 7: 'ಪ್ರೈವಸಿ ಅಂಡ್ ಸೆಕ್ಯುರಿಟಿ' ಭಾಗದಲ್ಲಿ 'ಪ್ರೈಮರಿ ಪಾಸ್‌ವರ್ಡ್' ಹಾಕುವುದು. ತಂತ್ರಾಂಶದಲ್ಲಿ ಉಳಿದಿರುವ ಗುಪ್ತಪದಗಳಿಗೆ ಇದು ಬೀಗ.

ಹಂತ 8: ಪರೀಕ್ಷೆ. ಅಧ್ಯಕ್ಷರ ಅಥವಾ ಒಬ್ಬ ಸದಸ್ಯರ ಇ-ಮೇಲ್‌ಗೆ ಒಂದು ಪತ್ರ ಕಳುಹಿಸಿ, ಅದಕ್ಕೆ ಉತ್ತರ ತರಿಸಿಕೊಳ್ಳುವುದು. ನಂತರ ಬ್ರೌಸರ್‌ನಲ್ಲಿಯೂ ಖಾತೆ ತೆರೆದು, ಕಳುಹಿಸಿದ ಪತ್ರ ಅಲ್ಲಿಯೂ ಇದೆಯೇ ಎಂದು ತಾಳೆ ನೋಡುವುದು. ಎರಡೂ ಕಡೆ ಒಂದೇ ಚಿತ್ರ ಕಂಡರೆ ಜೋಡಣೆ ಪೂರ್ಣವಾಯಿತು.

7. ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ಗುಪ್ತಪದ ಸರಿಯಿದ್ದರೂ ನಿರಾಕರಣೆ: ಹಳೆಯ ತಂತ್ರಾಂಶಗಳು ಸಾಮಾನ್ಯ ಗುಪ್ತಪದದಿಂದ ವೈಯಕ್ತಿಕ ಜಿಮೇಲ್ ಖಾತೆಗೆ ಪ್ರವೇಶಿಸುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸುವುದು ಮೊದಲ ಪರಿಹಾರ. ಅದು ಸಾಧ್ಯವಿಲ್ಲದಿದ್ದರೆ, ಎರಡು ಹಂತದ ದೃಢೀಕರಣವಿರುವ ಖಾತೆಯಿಂದ 16 ಅಕ್ಷರಗಳ 'ಆ್ಯಪ್ ಪಾಸ್‌ವರ್ಡ್' ಪಡೆದು, ಸಾಮಾನ್ಯ ಗುಪ್ತಪದದ ಜಾಗದಲ್ಲಿ ನೀಡಬಹುದು.

ಭದ್ರತಾ ಪ್ರಮಾಣಪತ್ರದ ದೋಷ: ಗಣಕಯಂತ್ರದ ದಿನಾಂಕ ಮತ್ತು ಸಮಯವನ್ನು ಮೊದಲು ನೋಡುವುದು. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತ ಯಂತ್ರವು ವಿದ್ಯುತ್ ಹೋಗಿ ಬಂದಾಗಲೆಲ್ಲ ಹಳೆಯ ವರ್ಷಕ್ಕೆ ಹಿಂದಿರುಗುತ್ತದೆ. ಸುರಕ್ಷಿತ ಸಂಪರ್ಕ ಆಗ ಏರ್ಪಡುವುದಿಲ್ಲ. ಅಗ್ಗದ ಬ್ಯಾಟರಿಯೊಂದನ್ನು ಬದಲಿಸಿದರೆ ಸಾಕಾಗುವ ಕೆಲಸಕ್ಕೆ ಇಡೀ ಯಂತ್ರವನ್ನು ನಗರಕ್ಕೆ ಹೊತ್ತೊಯ್ಯಬೇಕಿಲ್ಲ.

ಪತ್ರ ಬರುತ್ತದೆ, ಹೋಗುವುದಿಲ್ಲ: ಒಳಬರುವ ಮತ್ತು ಹೊರಹೋಗುವ ಸರ್ವರ್‌ಗಳು ಬೇರೆ ಬೇರೆ. ಹೊರಹೋಗುವ ಸರ್ವರ್‌ನ ವಿವರವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು. ಕಚೇರಿಯ ಜಾಲದ ಫೈರ್‌ವಾಲ್ ಒಂದು ಪೋರ್ಟ್ ಅನ್ನು ತಡೆದಿದ್ದರೆ ಇನ್ನೊಂದನ್ನು ಪ್ರಯತ್ನಿಸುವುದು.

ದೊಡ್ಡ ಲಗತ್ತು ಹಿಂದಿರುಗುವುದು: ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಕಾಮಗಾರಿಯ ಛಾಯಾಚಿತ್ರಗಳನ್ನು ಚಿಕ್ಕದಾಗಿಸಿ ಕಳುಹಿಸುವುದು.

ಪೆಟ್ಟಿಗೆ ತುಂಬಿದೆ ಎಂಬ ಸೂಚನೆ: ಗೂಗಲ್‌ನ ಉಚಿತ ಖಾತೆಯ 15 ಜಿಬಿ ಜಾಗವು ಮೇಲ್, ಡ್ರೈವ್ ಮತ್ತು ಫೋಟೋಗಳಿಗೆ ಒಟ್ಟಾಗಿ ಸೇರಿದ್ದು. ಸರಾಸರಿ 5 ಎಂಬಿಯ ಲಗತ್ತಿರುವ ಸುಮಾರು 3,000 ಪತ್ರಗಳಿಗೆ ಅದು ತುಂಬಿಹೋಗುತ್ತದೆ. ತುಂಬಿದ ಮೇಲೆ ಹೊಸ ಪತ್ರಗಳು ಒಳಬರುವುದಿಲ್ಲ.

8. ಕನ್ನಡ ಅಕ್ಷರಗಳ ವಿಷಯ

ಕನ್ನಡದಲ್ಲಿ ಬರೆದ ಪತ್ರ ಇನ್ನೊಂದು ಕಚೇರಿಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡರೆ, ಅದನ್ನು ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಲಾಗಿದೆ ಎಂದು ತಿಳಿಯಬಹುದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಓದಲಾಗದು, ಹುಡುಕಾಟದಲ್ಲಿಯೂ ಸಿಗದು. ಇ-ಮೇಲ್‌ನ ವಿಷಯ ಸಾಲನ್ನೂ ಪತ್ರದ ಒಡಲನ್ನೂ ಯೂನಿಕೋಡ್‌ನಲ್ಲಿಯೇ ಬರೆಯತಕ್ಕದ್ದು. ಸಹಿ ಮಾಡಿದ ಪತ್ರವನ್ನು ಪಿಡಿಎಫ್ ಮಾಡಿ ಲಗತ್ತಿಸುವಾಗಲೂ, ವಿಷಯ ಸಾಲಿನಲ್ಲಿ ಪತ್ರದ ಸಂಖ್ಯೆ, ದಿನಾಂಕ ಹಾಗೂ ವಿಷಯವನ್ನು ಬರೆಯುವುದು. "ಪತ್ರ ಲಗತ್ತಿಸಿದೆ" ಎಂದಷ್ಟೇ ಬರೆದ ನೂರು ಪತ್ರಗಳಲ್ಲಿ ಬೇಕಾದ ಒಂದನ್ನು ಹುಡುಕುವುದು ಅಸಾಧ್ಯ.

9. ಭದ್ರತೆ: ಕೀಲಿ ಯಾರ ಕೈಯಲ್ಲಿ?

ಖಾತೆಯ ಗುಪ್ತಪದ ಸದಸ್ಯರೆಲ್ಲರಿಗೂ ಗೊತ್ತಿರಬೇಕೆಂಬ ಬೇಡಿಕೆ ಕೆಲವೊಮ್ಮೆ ಕೇಳಿಬರುತ್ತದೆ. ಬಂದ ಪತ್ರದ ವಿಷಯವನ್ನು ತಿಳಿಯುವುದು ಸದಸ್ಯರ ನ್ಯಾಯವಾದ ಅಪೇಕ್ಷೆ. ಕೀಲಿಯನ್ನು ಎಲ್ಲರೂ ಹೊಂದುವುದು ಬೇರೆ ವಿಷಯ. ಹತ್ತು ಜನರ ಬಳಿ ಕೀಲಿ ಇದ್ದರೆ, ಒಂದು ಪತ್ರ ಕಾಣೆಯಾದಾಗ ಹತ್ತು ಜನರ ಮೇಲೂ ಅನುಮಾನ ಬರುತ್ತದೆ, ಒಬ್ಬರೂ ಹೊಣೆಯಾಗುವುದಿಲ್ಲ. ಗುಪ್ತಪದವು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಹೊಣೆಯಲ್ಲಿದ್ದು, ಅಧಿಕಾರಿ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ನಗದು ಪುಸ್ತಕ, ಚೆಕ್ ಪುಸ್ತಕಗಳಂತೆಯೇ ಇ-ಮೇಲ್ ಖಾತೆಯೂ ಒಂದು ಬಾಬ್ತಾಗಿ ನಮೂದಾಗಬೇಕು. ಪ್ರಭಾರ ವಹಿಸಿಕೊಂಡವರು ಅದೇ ದಿನ ಗುಪ್ತಪದ ಬದಲಿಸಿ, ಹಳೆಯ ಮೊಬೈಲ್ ಮತ್ತು ಹಳೆಯ ಯಂತ್ರಗಳಿಗೆ ನೀಡಿದ್ದ ಅನುಮತಿಗಳನ್ನು ರದ್ದುಪಡಿಸುವುದು. ಆಪರೇಟರ್ ಕೆಲಸ ಬಿಟ್ಟಾಗಲೂ ಇದೇ ಕ್ರಮ.

ಯಂತ್ರವು ದುರಸ್ತಿಗೆ ಹೋಗುವಾಗ ಅದರ ಜೊತೆಗೆ ಪಂಚಾಯಿತಿಯ ಎಲ್ಲ ಪತ್ರಗಳೂ ಹೋಗುತ್ತವೆ ಎಂಬುದನ್ನು ಮರೆಯಬಾರದು. ಪ್ರೈಮರಿ ಪಾಸ್‌ವರ್ಡ್ ಉಳಿಸಿದ ಗುಪ್ತಪದಗಳನ್ನು ಕಾಯುತ್ತದೆ. ಯಂತ್ರದಲ್ಲಿ ಈಗಾಗಲೇ ಇಳಿದಿರುವ ಪತ್ರಗಳನ್ನು ಅದು ಕಾಯುವುದಿಲ್ಲ. ಸಾಧ್ಯವಾದಷ್ಟು ದುರಸ್ತಿ ಕಚೇರಿಯಲ್ಲಿಯೇ, ಸಿಬ್ಬಂದಿಯ ಸಮ್ಮುಖದಲ್ಲಿ ಆಗಬೇಕು. ಸಾಧ್ಯವಿಲ್ಲದಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿ ಇಟ್ಟುಕೊಂಡು ಉಳಿದ ಭಾಗವನ್ನು ಕಳುಹಿಸುವುದು. ಹಾಳಾದ ಡಿಸ್ಕ್ ಅನ್ನು ಅಂಗಡಿಯಲ್ಲಿ ಬಿಡದೆ ರಸೀದಿಯೊಂದಿಗೆ ಮರಳಿ ಪಡೆಯುವುದು.

ಮೋಸದ ಪತ್ರಗಳ ಬಗ್ಗೆಯೂ ಎಚ್ಚರ ಅಗತ್ಯ. "ನಿಮ್ಮ ಮೇಲ್ ಪೆಟ್ಟಿಗೆ ಇಂದು ಮುಚ್ಚಲಿದೆ, ಇಲ್ಲಿ ಒತ್ತಿ" ಎಂಬ ಪತ್ರ ಬಂದರೆ ಒತ್ತಬಾರದು. ಕಳುಹಿಸಿದವರ ಹೆಸರು ಮೇಲಧಿಕಾರಿಯದಾಗಿದ್ದರೂ, ವಿಳಾಸದಲ್ಲಿ ಅಟ್ ಚಿಹ್ನೆಯ ನಂತರದ ಭಾಗ ಸರಿಯಿದೆಯೇ ಎಂದು ನೋಡುವುದು. ಹಣ ಕಳೆದುಕೊಂಡ ಸಂದರ್ಭದಲ್ಲಿ ತಡಮಾಡದೆ 1930 ಸಹಾಯವಾಣಿಗೆ ದೂರು ನೀಡುವುದು.

10. ಆವಕ ವಹಿ ಮತ್ತು ಪ್ರತಿ ಸಂಗ್ರಹ

ಮೇಲ್ ತಂತ್ರಾಂಶ ಬಂದ ಮಾತ್ರಕ್ಕೆ ಆವಕ ವಹಿಯ ಕೆಲಸ ಮುಗಿಯುವುದಿಲ್ಲ. ಪ್ರತಿ ಕೆಲಸದ ದಿನ ಬೆಳಿಗ್ಗೆ ಮತ್ತು ಸಂಜೆ ತಂತ್ರಾಂಶ ತೆರೆದು, ಕ್ರಮ ಬೇಕಾದ ಪ್ರತಿಯೊಂದು ಇ-ಮೇಲ್‌ಗೂ ಆವಕ ಸಂಖ್ಯೆ ನೀಡುವುದು. ತಂತ್ರಾಂಶದಲ್ಲಿ 'ಮಾಹಿತಿ ಹಕ್ಕು', 'ಲೆಕ್ಕಪರಿಶೋಧನೆ', 'ಕುಡಿಯುವ ನೀರು', 'ತೆರಿಗೆ', 'ನೈಸರ್ಗಿಕ ವಿಕೋಪ' ಎಂಬಂತೆ ಕಡತಗಳನ್ನು ಮಾಡಿ ಪತ್ರಗಳನ್ನು ವಿಂಗಡಿಸುವುದು. 'ಸ್ಪ್ಯಾಮ್' ಕಡತವನ್ನೂ ದಿನಕ್ಕೊಮ್ಮೆ ನೋಡುವುದು. ಅಪರಿಚಿತ ಗ್ರಾಮಸ್ಥರ ಅರ್ಜಿ ಅಲ್ಲಿಗೆ ಬಿದ್ದಿರುವ ಸಾಧ್ಯತೆಯಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಸಂದರ್ಭವನ್ನು ಜಿಲ್ಲೆಯ ನದಿ ದಂಡೆಯ ಗ್ರಾಮಗಳು ಮರೆತಿಲ್ಲ. ಅಂತಹ ರಾತ್ರಿಯಲ್ಲಿ ಮೊದಲು ಕೆಲಸಕ್ಕೆ ಬರುವುದು ದೂರವಾಣಿ ಮತ್ತು ಡಂಗುರ, ಇ-ಮೇಲ್ ಅಲ್ಲ. ಆದರೆ ಪ್ರವಾಹದ ನಂತರ ಬೆಳೆ ಹಾನಿ, ಮನೆ ಹಾನಿಯ ಪಟ್ಟಿ ಯಾವಾಗ ಹೋಯಿತು, ಯಾರಿಗೆ ಹೋಯಿತು ಎಂಬ ಪ್ರಶ್ನೆ ಬಂದಾಗ, ಕಳುಹಿಸಿದ ಪತ್ರದ ದಿನಾಂಕ ಮತ್ತು ಸಮಯವೇ ಸಾಕ್ಷಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಂದಿಗೆ ನ್ಯಾಯಾಲಯದಲ್ಲಿ ಹಾಜರುಪಡಿಸಲು ಅವಕಾಶವಿದೆ. ಮೂಲ ಇ-ಮೇಲ್ ಅಳಿಸಿಹೋದರೆ ಈ ಅವಕಾಶವೂ ಹೋಗುತ್ತದೆ.

ಪ್ರತಿ ಸಂಗ್ರಹಕ್ಕೆ ಸರಳ ಕ್ರಮವಿದೆ. ತಿಂಗಳ ಕೊನೆಯ ಕೆಲಸದ ದಿನ, 'ಹೆಲ್ಪ್' ಪಟ್ಟಿಯ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಪುಟದಿಂದ 'ಪ್ರೊಫೈಲ್' ಕಡತಕೋಶವನ್ನು ತೆರೆದು, ಥಂಡರ್‌ಬರ್ಡ್ ಅನ್ನು ಮುಚ್ಚಿ, ಆ ಕಡತಕೋಶವನ್ನು ಪೂರ್ಣವಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡುವುದು. ನಕಲಿಗೆ ತಿಂಗಳು ಮತ್ತು ವರ್ಷದ ಹೆಸರು ಕೊಡುವುದು. ಹಿಂದಿನ ತಿಂಗಳ ನಕಲಿನ ಮೇಲೆ ಹೊಸದನ್ನು ಬರೆಯಬಾರದು. ಡಿಸ್ಕ್ ತಿಜೋರಿಯಲ್ಲಿರಲಿ. ಇನ್ನೊಂದು ಮಾತು: ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಗೂಗಲ್ ಖಾತೆಯನ್ನು ಅಳಿಸುವ ನೀತಿಯನ್ನು ಆ ಸಂಸ್ಥೆ 2023ರಲ್ಲಿ ಪ್ರಕಟಿಸಿದೆ. ಪಂಚಾಯಿತಿ ಹೊಸ ವಿಳಾಸಕ್ಕೆ ಬದಲಾಗಿದ್ದರೆ, ಹಳೆಯ ಖಾತೆಯ ಪತ್ರಗಳನ್ನು ಈಗಲೇ ಇಳಿಸಿ ಉಳಿಸಿಕೊಳ್ಳಬೇಕು.

11. ಸಭೆಯಲ್ಲಿ ಸದಸ್ಯರು ಕೇಳಬಹುದಾದ ಪ್ರಶ್ನೆಗಳು

1) ಪಂಚಾಯಿತಿಯ ಅಧಿಕೃತ ಇ-ಮೇಲ್ ವಿಳಾಸ ಯಾವುದು? ಅದು ಕಚೇರಿಯ ಫಲಕದಲ್ಲಿ ಇದೆಯೇ?
2) ಚೇತರಿಕೆಯ ಮೊಬೈಲ್ ಸಂಖ್ಯೆ ಯಾರ ಬಳಿ ಇದೆ?
3) ಖಾತೆ ಐಮ್ಯಾಪ್ ವಿಧಾನದಲ್ಲಿ ಜೋಡಣೆಯಾಗಿದೆಯೇ, ಪಾಪ್ ವಿಧಾನದಲ್ಲಿಯೇ?
4) ಕಳೆದ ತಿಂಗಳು ಇ-ಮೇಲ್ ಮೂಲಕ ಬಂದ ಎಷ್ಟು ಪತ್ರಗಳಿಗೆ ಆವಕ ಸಂಖ್ಯೆ ನೀಡಲಾಗಿದೆ? ಎಷ್ಟಕ್ಕೆ ಉತ್ತರ ಬಾಕಿ ಇದೆ?
5) ಕೊನೆಯ ಪ್ರತಿ ಸಂಗ್ರಹ ಯಾವ ದಿನಾಂಕದ್ದು? ಅದರಿಂದ ಒಂದು ಪತ್ರವನ್ನು ತೆರೆದು ತೋರಿಸಬಹುದೇ?
6) ಕೆಲಸ ಬಿಟ್ಟವರ ಮೊಬೈಲ್‌ನಲ್ಲಿ ಖಾತೆ ಇನ್ನೂ ತೆರೆದಿದೆಯೇ?

ಈ ಪ್ರಶ್ನೆಗಳಿಗೆ ದೊರೆತ ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ, ಬಾಕಿ ಇರುವ ಕೆಲಸಕ್ಕೆ ದಿನಾಂಕ ಗೊತ್ತುಪಡಿಸಿ ಠರಾವು ಮಾಡುವುದು ಸೂಕ್ತ. ಹೊರಗಿನ ಡಿಸ್ಕ್, ಬ್ಯಾಟರಿ, ಯುಪಿಎಸ್ ಇವುಗಳ ವೆಚ್ಚ ದೊಡ್ಡದಲ್ಲ; ನಿಯಮಾನುಸಾರ ಸಭೆಯ ಅನುಮೋದನೆ ಪಡೆದು ಭರಿಸಬಹುದು.

12. ಅಭ್ಯಾಸ

ಮುಂದಿನ ಸಾಮಾನ್ಯ ಸಭೆಗೆ ಮೊದಲು ಒಬ್ಬ ಸದಸ್ಯರು ಪಂಚಾಯಿತಿಯ ವಿಳಾಸಕ್ಕೆ ಕನ್ನಡದಲ್ಲಿ ಒಂದು ಪತ್ರ ಕಳುಹಿಸಲಿ. ಸಭೆಯ ದಿನ ಮೂರು ವಿಷಯಗಳನ್ನು ಪರಿಶೀಲಿಸಲಿ: ಪತ್ರ ಆವಕ ವಹಿಯಲ್ಲಿ ಇದೆಯೇ, ಇಂಟರ್‌ನೆಟ್ ಕೇಬಲ್ ಬಿಚ್ಚಿದಾಗಲೂ ಆ ಪತ್ರವನ್ನು ಯಂತ್ರದಲ್ಲಿ ತೆರೆಯಲು ಆಗುತ್ತದೆಯೇ, ಅದೇ ಪತ್ರ ಬ್ರೌಸರ್‌ನಲ್ಲಿಯೂ ಕಾಣುತ್ತದೆಯೇ. ಮೂರಕ್ಕೂ ಹೌದು ಎಂಬ ಉತ್ತರ ಬಂದರೆ, ಖಾತೆ ಬದಲಾವಣೆಯ ಮಾಹಿತಿ ಕೋರಿ ಬರುವ ವೃದ್ಧೆಗೆ ಕಚೇರಿಯು ಆವಕ ಸಂಖ್ಯೆ ಮತ್ತು ದಿನಾಂಕವನ್ನು ಹೇಳಬಲ್ಲದು. ಯಾವುದಾದರೂ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೆ, ಈ ಪಾಠದ ಸಂಬಂಧಿಸಿದ ಭಾಗವನ್ನು ಸಿಬ್ಬಂದಿಯೊಂದಿಗೆ ಮತ್ತೊಮ್ಮೆ ಓದಿ, ಅಂದೇ ಸರಿಪಡಿಸಲು ಕ್ರಮವಹಿಸತಕ್ಕದ್ದು.